ಚೂಡಿ ಹೋದ ಗಾಡಿ

“ನನ್ನ ಗಾಡಿ ಪ್ಲಗ್ ಹಾರಿ ಸಾಂಬ್ರಾದಾಗ ಇಳ್ಯೂ ವಿಮಾನಕ್ಕ ಬಡದಿತ್ತ ನೋಡ್ರಿ. ಪೈಲೆಟ್ ಖಿಡಕಿ ತಗದು ಹೊರಗ ಮಾರಿ ಹಾಕಿ, ಯಾರದಲೇ ಇದು ಅಂತ ಬೈದ.”

ಹಲಸಿಯ ಸಾವಂತ್ರವ್ವ ಈ ಮಾತನ್ನು ಖಾನಾಪುರದ ಮಿಠಾಯಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕಡಿಮೆಯೆಂದರೂ ಸಾವಿರ ಮಂದಿಗೆ ಹೇಳಿದ್ದಾಳೆ. ಯಾರಾದರೂ ಹುಬ್ಬೇರಿಸಿದರೆ ತಾನೇ ಒಪ್ಪಿಕೊಳ್ಳುತ್ತಾಳೆ: “ಅರ್ಧ ಸುಳ್ಳ ಐತಿ. ವಿಮಾನ ಸುಳ್ಳು, ಬೈದದ್ದು ಖರೇ. ಬೈದಾಕಿ ನಾನ.”

ಪ್ಲಗ್ ಹಾರಿದ್ದೂ ಖರೆಯೇ. ಅದೇನು ದೊಡ್ಡ ಸಾಮಾನಲ್ಲ. ಇಂಜಿನ್ನಿನ ತಲೆಗೆ ತಿರುಪಿ ಕೂರಿಸುವ, ಹೆಬ್ಬೆರಳಿನಷ್ಟು ಉದ್ದದ, ಕಿಡಿ ಹೊತ್ತಿಸುವ ತುಂಡು. ಗುರುವಾರ ಬೆಳಿಗ್ಗೆ ಸಾವಂತ್ರವ್ವ ತನ್ನ ಮೊಪೆಡ್ಡಿಗೆ ಹಾಲು ಕಾಸಿ ಗಟ್ಟಿ ಮಾಡಿದ ಖವಾದ ಎರಡು ಡಬ್ಬಿ ಕಟ್ಟಿಕೊಂಡು ಖಾನಾಪುರದ ಹೊಳೆಯ ಸೇತುವೆ ದಾಟುತ್ತಿದ್ದಳು. ಢಂ ಎಂದಿತು. ಹಿಂದಿನಿಂದ ಬರುತ್ತಿದ್ದ ಎತ್ತುಗಳು ಬೆದರಿ ಅಡ್ಡ ನಿಂತವು. ಪ್ಲಗ್ಗು ತನ್ನ ಟೊಪ್ಪಿಗೆ ಸಮೇತ ಕಿತ್ತುಕೊಂಡು ಹೋಗಿ ಸೇತುವೆಯ ಕಟ್ಟೆಗೆ ಬಡಿದು ಗಟಾರಕ್ಕೆ ಬಿತ್ತು. ಸಾವಂತ್ರವ್ವ ಗಟಾರಕ್ಕೆ ಕೈ ಹಾಕಿ ಅದನ್ನು ಹುಡುಕಿ ತೆಗೆದು, ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು, ಗಾಡಿಯನ್ನೂ ಹೊಳೆಯನ್ನೂ ಪೆಟ್ರೋಲ್ ಕಂಡುಹಿಡಿದವನನ್ನೂ ಸೇರಿಸಿ ಬೈದಳು.

ಖಾನಾಪುರದ ಗಾಡಿ ರಿಪೇರಿಯ ಮಿಸ್ತ್ರಿ ಶಶಿಧರ ಮೊದಲು ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನು ಪ್ಲಗ್ಗಿಗೆ ಸುತ್ತಿ ತಿರುಪಿ ಕೊಟ್ಟ. ಅದು ಊರ ಅಂಚಿನವರೆಗೆ ಬಂತು. ಶುಕ್ರವಾರ ಎರಡು ಬಣ್ಣದ ಅಂಟು ಕಲಸಿ, ಮೆತ್ತಿ, ಒಣಗಿಸಿ ಕೊಟ್ಟ. ಇಂಜಿನ್ನು ಕಾದೊಡನೆ ಅಂಟು ಜೇನಿನಂತೆ ಸೋರಿ ಪ್ಲಗ್ಗು ಮತ್ತೆ ಹಾರಿತು. ಶಶಿಧರ ಕೈ ಒರೆಸಿಕೊಂಡ. “ಅವ್ವಾ, ಇಂಜಿನ್ ಹೆಡ್ಡ ಹೊಸಾದ ಹಾಕಬೇಕು. ಈ ಮಾಡೆಲ್ ಬಂದ್ ಆಗಿ ಹತ್ತ ವರ್ಷ ಆತು. ಎಲ್ಲಿಂದ ತರ್ಲಿ?”

ಮನೆಯಲ್ಲಿ ಇದಕ್ಕಿಂತ ದೊಡ್ಡ ಢಂ ಕಾದಿತ್ತು. ಸಾವಂತ್ರವ್ವನ ಗಂಡ ತೀರಿ ನಾಲ್ಕು ವರ್ಷ. ಮೈದುನ ಹಣಮಪ್ಪ ಊರಿಗೆ ನಳದ ನೀರು ಬಿಡುವ ನೌಕರಿಯಲ್ಲಿದ್ದ. ಅಣ್ಣನ ಫೋನು, ಅಣ್ಣನ ಗಾಡಿಯ ಕಾಗದಪತ್ರ ಎಲ್ಲವೂ ಅವನ ಟ್ರಂಕಿನಲ್ಲೇ. ಅತ್ತಿಗೆ ಗಾಡಿ ಓಡಿಸುವುದು ಅವನಿಗೆ ಮೊದಲಿನಿಂದಲೂ ಗಂಟಲ ಮುಳ್ಳು. ಹೋದ ವಾರ ಅವನ ಹೆಂಡತಿ ಪ್ರಮಿಳಾ ಕೂಡ ಗುಡಿಯ ಹಿಂದಿನ ಬಯಲಲ್ಲಿ ಅದೇ ಮೊಪೆಡ್ ಹತ್ತಿ ಎರಡು ಸುತ್ತು ಹೊಡೆದ ಮೇಲಂತೂ ಮುಳ್ಳು ಮೊಳೆಯಾಗಿತ್ತು.

“ಎಮ್ಮಿ ಹಿಂಡೂ ಕೈಲೆ ಇಂಜಿನ್ ತಿರುವಿದ್ರ ಇನ್ನೇನ ಆಗತೈತಿ, ವೈನಿ?” ಎಂದ ಹಣಮಪ್ಪ. “ನೀನ ಕೆಡಿಸಿಕೊಂಡಿ. ಸೋಮವಾರ ಗುಜರಿಯಾಂವ ಬರತಾನ. ಅಷ್ಟರಾಗ ಚಾಲೂ ಆದ್ರ ಗಾಡಿ ನಿಂದು, ಕಾಗದಾನೂ ನಿಂದು. ಇಲ್ಲಂದ್ರ ತೂಕಕ್ಕ ಹಾಕ್ತೀನಿ. ಆಮ್ಯಾಲ ಮನ್ಯಾಗ ಕುಂದರು, ಖವಾ ನಾ ಒಯ್ತೀನಿ.”

“ನೀ ಮುಟ್ಟಿದ್ದೇನು ಗಾಡೀನ?”

“ಹೆಂಗಸರ ಗಾಡಿ ನಾ ಮುಟ್ಟೂದಿಲ್ಲ.”

ಸಾವಂತ್ರವ್ವ ಬಾಯಿಗೆ ಬಂದ ಬೈಗುಳವನ್ನು ಹಿಂದಕ್ಕೆಳೆದುಕೊಂಡಳು. ಏಕೆಂದರೆ ಅಮಾವಾಸ್ಯೆಯ ಹಿಂದಿನ ದಿನ ಪ್ಲಗ್ ಬಿಚ್ಚಿ, ಮಸಿ ಒರೆಸಿ, ಮತ್ತೆ ತಿರುಪಿದವಳು ಅವಳೇ. ತನ್ನ ಕೈಯೇ ಜೋರಾಯಿತೇನೋ ಎಂಬ ಅನುಮಾನ ಅವಳನ್ನು ಒಳಗಿಂದ ಕೊರೆಯುತ್ತಿತ್ತು. ಬೇರೆಯವರ ಮೇಲಿನ ಸಿಟ್ಟನ್ನು ಉಗುಳಬಹುದು. ತನ್ನ ಮೇಲಿನದನ್ನು ನುಂಗಲೇಬೇಕು.

ಶನಿವಾರ ನಸುಕಿನಲ್ಲೇ ಊರಿನ ಕರೆಪ್ಪನ ತರಕಾರಿ ಟೆಂಪೋದಲ್ಲಿ ಮೊಪೆಡ್ಡನ್ನು ಮಲಗಿಸಿಕೊಂಡು ಬೆಳಗಾವಿಗೆ ಬಂದಳು. ಅಲ್ಲಿಯ ಶಹಾಪುರ ಪೇಟೆಯಲ್ಲಿ ಕಾಸಿಮಸಾಬ ಅಂತ ಹಳೆಯ ಮಿಸ್ತ್ರಿ ಇದ್ದಾನೆ, ಸತ್ತ ಇಂಜಿನ್ನಿಗೂ ಉಸಿರು ಊದುತ್ತಾನೆ ಎಂದು ಶಶಿಧರ ಹೇಳಿದ್ದ. ಮಗ್ಗಗಳ ಖಟಖಟ ಸದ್ದಿನ ಓಣಿಯಲ್ಲಿ ಒಂದು ಮನೆ. ಮುಂದಿನ ಕಟ್ಟೆಯಲ್ಲಿ ಅವನ ಹೆಂಡತಿ ದಿಲಶಾದಳ ಬಳೆ ಅಂಗಡಿ. ಬಾಜೂಕಿನ ತಗಡಿನ ಕೆಳಗೆ ಅವನ ಗ್ಯಾರೇಜು.

ಎಪ್ಪತ್ತರ ಕಾಸಿಮಸಾಬ ಕುಕ್ಕರಗಾಲಿನಲ್ಲಿ ಕುಳಿತು, ಪ್ಲಗ್ಗಿನ ತೂತಿಗೆ ಕಿರುಬೆರಳು ಹಾಕಿ, ಕಣ್ಣು ಮುಚ್ಚಿ, ಒಳಗೆಲ್ಲ ಸವರಿದ. ತಲೆ ಎತ್ತದೆಯೇ ಹೇಳಿದ:

“ಚೂಡಿ ಹೋಗ್ಯಾವಲ್ಲವಾ. ಒಂದೂ ಉಳದಿಲ್ಲ.”

ಚೂಡಿಯೆಂದರೆ ಸಾವಂತ್ರವ್ವನಿಗೆ ಗೊತ್ತಿದ್ದದ್ದು ಬಳೆ. ಅವಳು ತನ್ನ ಬರಿಗೈಗಳನ್ನು ನೋಡಿಕೊಂಡಳು. ಆಚೆ ಕಟ್ಟೆಯಲ್ಲಿ ಕೆಂಪು, ಹಸಿರು, ಹಳದಿ ಬಳೆಗಳು ಸಾಲುಸಾಲಾಗಿ ಹೊಳೆಯುತ್ತಿದ್ದವು.

“ಏನಂದಿ?”

“ಚೂಡಿ ಹೋದ ಮ್ಯಾಲ ಏನ ಉಳೀತು? ಬೋಳ ಆಗೇತಿ. ಮಂದಿ ಇಂಥಾದ್ದನ್ನ ಒಗದ ಬಿಡತಾರ.”

ಅಷ್ಟೇ. ಸಾವಂತ್ರವ್ವನ ಬಾಯಿ ತೆರೆಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು ಎಂದು ಅವಳು ಹೇಳುತ್ತಾಳೆ, ಎರಡಾದರೂ ನಿಂತಿರಬೇಕು.

“ನಿನ್ನ ಗಡ್ಡಕ್ಕ ಬೆಂಕಿ ಬೀಳ್ಲಿ! ಗಾಡಿ ನೋಡು ಅಂದ್ರ ಕೈ ನೋಡ್ತಿಯೇನೋ ಮುದಕಾ? ಗಂಡ ಸತ್ತಾಕಿನ್ನ ಒಗೀಬೇಕಾ? ಹೇಣತಿ ಬಳಿ ಅಂಗಡಿ ಹಾಕ್ಯಾಳಂತ ಬಂದ ಬಂದವರ ಕೈ ಎಣಸ್ತಿ? ನಾ ನಾಕ ಎಮ್ಮಿ ಹಿಂಡಿ, ಹಾಲ ಕಾಸಿ, ಇಪ್ಪತ್ತ ಮೈಲು ಗಾಡಿ ಹೊಡದು ಉಣ್ಣಾಕಿ! ನಿನ್ನಂಥಾ ಹತ್ತ ಮಂದೀನ ಕ್ಯಾರಿಯರ್‌ಗೆ ಕಟಗೊಂಡ ಹೋದೇನು!”

ದಿಲಶಾದ ಬಳೆ ಬಿಟ್ಟು ಓಡಿಬಂದಳು. “ಏನ ಅಂದ್ರಿ ಆಕೀಗೆ?” ಎಂದು ಗಂಡನನ್ನೇ ಗದರಿದಳು. ಕಾಸಿಮಸಾಬ ಅವಳ ಬರಿಗೈ ನೋಡಿದ, ಹೆಂಡತಿಯ ಬಳೆಗಳನ್ನು ನೋಡಿದ. ಆಮೇಲೆ ಅವನಿಗೆ ಹೊಳೆಯಿತು. ಡಬ್ಬಿಯಿಂದ ಒಂದು ದಪ್ಪ ಬೋಲ್ಟು ತೆಗೆದು, ಅದರ ಮೈಮೇಲೆ ಸುತ್ತಿ ಸುತ್ತಿ ಏರಿದ ಗೆರೆಗಳನ್ನು ಉಗುರಿನಿಂದ ಎಣಿಸಿ ತೋರಿಸಿದ.

“ತಂಗೀ, ಇದನ್ನ ನೋಡು. ಕೈಗೆ ಬಳಿ ಏರ್ಸಿದಂಗ ಕಾಣತೈತೋ ಇಲ್ಲೋ? ಇದಕ್ಕ ನಮ್ಮ ಉಸ್ತಾದರು ಚೂಡಿ ಅಂತಿದ್ರು, ನಾವೂ ಅಂತೀವಿ. ಮರಾಠಿ ಮಂದಿ ಆಟೆ ಅಂತಾರ, ಕಂಪನಿಯವರು ಥ್ರೆಡ್ ಅಂತಾರ. ಇದು ಇದ್ರನ ಪ್ಲಗ್ ಕುಂದರತೈತಿ. ಹೋಗಿದ್ದು ಗಾಡೀದು, ನಿಂದಲ್ಲ. ತೋಬಾ ತೋಬಾ.”

ಸಾವಂತ್ರವ್ವನ ಸಿಟ್ಟು ಇಳಿಯಲು ಜಾಗ ಸಿಗದೆ ಮೂಗಿನ ತುದಿಯಲ್ಲೇ ನಿಂತಿತು. “ಮೊದಲ ಹೇಳಾಕ ಏನಾಗಿತ್ತು?” ಎಂದಳು. “ಬೈದದ್ದು ಬೈದಾಗೇತಿ. ಇನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ. ಇಟಗೋ.”

ಮುದುಕ ಸೆರಗಿನ ಗಂಟಿನ ಪ್ಲಗ್ಗನ್ನು ಇಸಿದುಕೊಂಡ. ಅದರ ಆರು ಮೂಲೆಯ ಸೊಂಟದ ಮೇಲೆ ಸಾಲಾಗಿ ಕಚ್ಚಿದ ಗುರುತುಗಳಿದ್ದವು. “ಯಾರ ಕಚ್ಯಾರ ಇದನ್ನ?”

“ಗಟಾರದಾಗಿನ ಹೆಗ್ಗಣ ಇರಬೇಕು.”

“ನೀ ಯಾವ ಪಾನಾದಲೆ ತಿರುವಿದ್ದಿ?” ಅವಳು ಗಾಡಿಯ ಡಬ್ಬಿಯಿಂದ ಗಾಡಿ ಕೊಂಡಾಗ ಬಂದಿದ್ದ, ಪ್ಲಗ್ ಬಿಗಿಯುವ ಪುಟ್ಟ ಪಾನಾ ತೆಗೆದುಕೊಟ್ಟಳು. ಅವನು ಅದನ್ನು ಪ್ಲಗ್ಗಿಗೆ ತೊಡಿಸಿ ನೋಡಿದ, ತೆಗೆದ, ಮತ್ತೆ ತೊಡಿಸಿ ನೋಡಿದ. ಪ್ಲಗ್ಗನ್ನು ಅಂಗಿಯ ಜೇಬಿಗೆ ಹಾಕಿಕೊಂಡ. “ಮಧ್ಯಾಹ್ನ ಬಾ. ಹೊಸಾ ಹೆಡ್ಡ ಬ್ಯಾಡ. ಹೊಸಾ ಚೂಡಿ ಹಾಕೂಣು. ಫೋನ್ ನಂಬರ್ ಹೇಳಿ ಹೋಗು.”

ಸಾವಂತ್ರವ್ವನ ಫೋನು ಎರಡು ದಿನದ ಹಿಂದೆಯೇ ಕಾಯುವ ಖವಾದ ಕಡಾಯಿಗೆ ಬಿದ್ದು ಬೆಂದಿತ್ತು. ಬಾಯಿಪಾಠ ಇದ್ದದ್ದು ಗಂಡನ ನಂಬರ್ ಒಂದೇ. ಅದನ್ನೇ ಹೇಳಿದಳು. ಮುದುಕ ಸೀಮೆಸುಣ್ಣದಿಂದ ಪೆಟ್ರೋಲ್ ಟಾಕಿಯ ಮೇಲೆ ದೊಡ್ಡದಾಗಿ ‘ಸಾವಂತ್ರವ್ವ’ ಎಂದು ಬರೆದು ಕೆಳಗೆ ನಂಬರ್ ಬರೆದ. ಅವಳು ಬೆಳಗಾವಿಯದೇ ಹಿಂದವಾಡಿಯಲ್ಲಿ ಅಡುಗೆ ಕೆಲಸ ಮಾಡುವ ತಂಗಿ ಫಕೀರವ್ವನ ಮನೆಗೆ ನಡೆದಳು.

ಕಾಸಿಮಸಾಬ ಮಾಡಿದ್ದು ಇಷ್ಟೇ. ಹೆಡ್ಡು ಬಿಚ್ಚಿ, ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಗೋಡೆಗೆ ಹೊಸ ಗೆರೆ ಕೊರೆದ. ಓಣಿಯಲ್ಲಿ ಮುರಿದು ಹಾಕಿದ ಒಂದು ಮಗ್ಗದ ಹಿತ್ತಾಳೆಯ ತುಂಡು ಅವನ ಡಬ್ಬಿಯಲ್ಲಿತ್ತು. ಅದನ್ನು ಬಾಜೂಕಿನ ಲೇಥಿನಲ್ಲಿ ಕೊಳವೆಯಾಗಿ ಕಡೆಸಿದ: ಹೊರಗೆ ತೂತಿಗೆ ಹೊಂದುವ ಚೂಡಿ, ಒಳಗೆ ಪ್ಲಗ್ಗಿಗೆ ಹೊಂದುವ ಚೂಡಿ. ಎಣ್ಣೆ ಹಚ್ಚಿ ತಿರುಪಿ ಕೂರಿಸಿ, ಮತ್ತೆ ಕಳಚದ ಹಾಗೆ ಅಂಚಿಗೆ ನಾಲ್ಕು ಕಡೆ ಉಳಿಯಿಂದ ಗುದ್ದಿದ. ಹೊಸ ಪ್ಲಗ್ಗು ಒಳಗೆ ಇಳಿದಾಗ ತುಪ್ಪದಲ್ಲಿ ಬೆರಳು ಇಳಿದ ಹಾಗಿತ್ತಂತೆ.

ಆಮೇಲೆ ಹೆಂಡತಿಗೆ ಹೇಳಿದ: “ಸಾವಂತ್ರವ್ವ ತಯಾರ ಆಗ್ಯಾಳ, ಫೋನ್ ಹಚ್ಚು.” ಗ್ಯಾರೇಜಿನಲ್ಲಿ ಗಾಡಿಗೆ ಬೇರೆ ಹೆಸರಿರುವುದಿಲ್ಲ, ಟಾಕಿಯ ಮೇಲೆ ಯಾರ ಹೆಸರೋ ಗಾಡಿಗೂ ಅದೇ ಹೆಸರು. ದಿಲಶಾದ ಫೋನು ಹಚ್ಚಿದಳು. ಅತ್ತ ಹಲಸಿಯಲ್ಲಿ ನೀರಿನ ಟಾಕಿಯ ಬುಡದಲ್ಲಿ ಪೈಪು ಬಿಗಿಯುತ್ತಿದ್ದ ಹಣಮಪ್ಪ ಅಣ್ಣನ ಫೋನು ತೆಗೆದು ನೋಡಿದ. ಪರದೆಯ ಮೇಲೆ ತಾನಾಗಿ ಹೆಸರು ಬಂದಿತ್ತು: ದಿಲಶಾದ ಬಳೆ ಅಂಗಡಿ, ಶಹಾಪುರ.

“ಸಾವಂತ್ರವ್ವನ ಮನಿಯವರೇನ್ರಿ? ಹಳೇ ಚೂಡಿ ಹೋಗಿದ್ವಲ್ರಿ, ಹೊಸಾ ಚೂಡಿ ಹಾಕೇವಿ. ನಮ್ಮವರ ಕೈಯಾರೆ ಹಾಕ್ಯಾರ. ಪಕ್ಕಾ ಕುಂತಾವ. ಯಾರರ ಬಂದು ಕರಕೊಂಡ ಹೋಗ್ರಿ.”

ಗಂಡ ಸತ್ತವಳಿಗೆ ಯಾರೋ ಗಂಡಸು ಹೊಸ ಬಳೆ ಹಾಕಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಮತ್ತೊಂದು ಮದುವೆ. ಹಣಮಪ್ಪ ಪೈಪು ಬಿಟ್ಟ, ನೀರು ಬಿಟ್ಟ, ಕೈಯಲ್ಲಿದ್ದ ಪಾನಾ ಬಿಡುವುದನ್ನು ಮರೆತ. ಸಿಕ್ಕ ಟೆಂಪೋ ಹತ್ತಿದ. ಅಂದು ಹಲಸಿಯ ಅರ್ಧ ಊರು ಈಜಾಡಿತು ಎನ್ನುತ್ತಾಳೆ ಸಾವಂತ್ರವ್ವ.

ಅವಳು ಮಧ್ಯಾಹ್ನ ಮೂರಕ್ಕೆ ಓಣಿಯ ಮೂಲೆ ತಿರುಗಿದಾಗ ಗ್ಯಾರೇಜಿನ ಮುಂದೆ ಜನ ಜಾತ್ರೆ. ನೂಲಿನ ಎಳೆ ಕೂದಲಿಗೆ ಅಂಟಿಸಿಕೊಂಡೇ ನೇಕಾರ ಹೆಂಗಸರು ಬಂದು ನಿಂತಿದ್ದರು. ನಡುವೆ ಮೈದುನನ ಗಂಟಲು.

“ಎಲ್ಲಿ ಅದಾಳ ನಮ್ಮ ಅಣ್ಣನ ಹೇಣತಿ? ಆಕೀಗೆ ಚೂಡಿ ಹಾಕಿದಾಂವ ಯಾಂವ?”

“ನಾನ ಹಾಕೇನಿ,” ಎಂದ ಕಾಸಿಮಸಾಬ, ಮೆಚ್ಚಿಕೊಳ್ಳಲು ಬಂದ ಗಿರಾಕಿಗೆ ಹೇಳುವ ಹಾಗೆ. “ಹಿತ್ತಾಳಿ ಚೂಡಿ. ಎಣ್ಣಿ ಹಚ್ಚಿ ಸಾವಕಾಶ ಏರ್ಸೇನಿ. ಇನ್ನ ಸಾಯೂತನಕ ಕಳಚೂದಿಲ್ಲ.”

“ನಾಚಿಕಿ ಬರೂದಿಲ್ಲೇನು ಮುದಕಾ? ಈ ವಯಸ್ಸಿನ್ಯಾಗ?”

“ವಯಸ್ಸಾದ್ರೇನಪಾ, ಕೈ ನಡಗೂದಿಲ್ಲ. ತಿಂಗಳಕ್ಕ ಹತ್ತ ಹದಿನೈದ ಹಾಕ್ತೀನಿ.”

“ಹದಿನೈದ ಮಂದಿಗೆ!” ಹಣಮಪ್ಪ ಪಾನಾ ಎತ್ತಿದ. ದಿಲಶಾದ ಚೀರಿದಳು.

ಸಾವಂತ್ರವ್ವ ಜನರನ್ನು ಮೊಣಕೈಯಿಂದ ತಿವಿದು ಒಳಗೆ ನುಗ್ಗಿದಳು. ಒಂದು ಕ್ಷಣ ಅವಳಿಗೆ ನಗು ಬಂತು. ಮರುಕ್ಷಣ ಮೈದುನನ ಮುಖ ಕಂಡಿತು. ತಾನು ಕೆಲಸ ಮಾಡಿಸಲು ಬೆಳಗಾವಿಗೆ ಬಂದರೆ ಈ ಗಂಡಸಿನ ತಲೆಗೆ ಮೊದಲು ಹೊಳೆದದ್ದು ಇದೇ? ನಗು ಸುಟ್ಟು ಬೂದಿಯಾಯಿತು. ಎರಡೂ ಕೈಯನ್ನು ಅವನ ಮೂಗಿನ ಮುಂದೆ ಚಾಚಿದಳು.

“ನೋಡು! ಎಣಸು! ಎಷ್ಟ ಅದಾವ? ಚೂಡಿ ಹಾಕಿದ್ದು ಗಾಡಿಗಿ, ಮೂಳಾ! ಗಾಡಿ ತಲೀಗೆ! ಅಷ್ಟ ತಿಳೀದಂಗ ಎಂಟ ಹರದಾರಿ ಓಡಿಕೋತ ಬಂದಿ?”

ಹಣಮಪ್ಪ ಮೊಪೆಡ್ಡು ನೋಡಿದ, ಬರಿಗೈ ನೋಡಿದ, ಟಾಕಿಯ ಮೇಲಿನ ಹೆಸರು ನೋಡಿದ. ಎತ್ತಿದ ಪಾನಾ ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ನೇಕಾರ ಹೆಂಗಸರು ನಗಲು ಶುರು ಮಾಡಿದ್ದರು.

ನಗದೆ ನಿಂತವನು ಕಾಸಿಮಸಾಬ ಒಬ್ಬನೇ. ಅವನ ಕಣ್ಣು ಆ ಪಾನಾದ ಮೇಲೆ ನೆಟ್ಟಿತ್ತು. ಅದು ಪೈಪು ಹಿಡಿಯುವ ಪಾನಾ, ಮೊಣಕೈಯಷ್ಟು ಉದ್ದ, ಮೊಸಳೆಯ ಬಾಯಿಯ ಹಾಗೆ ಎರಡೂ ಕಡೆ ಹಲ್ಲು. ಮೇಲಿನ ಸಾಲಿನಲ್ಲಿ ನಡುವೆ ಒಂದು ಹಲ್ಲು ಮುರಿದಿತ್ತು.

“ಸ್ವಲ್ಪ ಕೊಡಪಾ ಇಲ್ಲೆ,” ಎಂದು ಹಣಮಪ್ಪನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡ. ಜೇಬಿನಿಂದ ಹಳೆಯ ಪ್ಲಗ್ಗು ತೆಗೆದು ಆ ಬಾಯಿಗಿಟ್ಟ. ಕಚ್ಚಿದ ಗುರುತಿನೊಳಗೆ ಹಲ್ಲುಗಳು ಒಂದೊಂದಾಗಿ ಹೋಗಿ ಕುಳಿತವು. ಮುರಿದ ಹಲ್ಲು ಇದ್ದಲ್ಲಿ ಪ್ಲಗ್ಗಿನ ಮೇಲೆಯೂ ಗುರುತಿಲ್ಲ.

“ಹೆಗ್ಗಣ ಸಿಕ್ಕತಲ್ಲವಾ,” ಎಂದ ಮುದುಕ. ಅವನ ದನಿಯೂ ಈಗ ಕಾದಿತ್ತು. “ಪ್ಲಗ್ ಕೈಲೆ ತಿರುಪಿ, ಕಡೀಕ ಸಣ್ಣ ಪಾನಾದಲೆ ಒಂದ ಚೂರು ಬಿಗಿ ಮಾಡೂದು. ಇಂವಾ ಓರೆ ಇಟ್ಟ, ಎತ್ತಿನ ಬಲ ಹಾಕಿ ತಿರುವ್ಯಾನ. ಎಲ್ಲಾ ಚೂಡಿ ಕಿತ್ತ ಬಂದಾವ. ತಂಗಿ ಕೈಯಿಂದ ಆಗಿದ್ದಲ್ಲ ಇದು. ಐವತ್ತ ವರ್ಷ ಆತು ನಾ ಈ ಕೆಲಸ ಮಾಡಾಕತ್ತಿ. ತಪ್ಪಿ ಕೆಡಸಿದ್ದು ಯಾವುದು, ಬೇಕಂತ ಕೆಡಸಿದ್ದು ಯಾವುದು, ಬೆರಳಿಗೆ ತಿಳೀತೈತಿ.”

ನಗು ನಿಂತಿತು. ಹಣಮಪ್ಪ ಪಾನಾದ ಕಡೆ ಕೈ ಚಾಚಿ ಹಿಂದೆಳೆದುಕೊಂಡ. “ನಾ... ಪ್ರಮಿಳಾ ಕಲ್ಯಾಕತ್ತಿದ್ಲಂತ... ಸ್ವಲ್ಪ ದಿನಾ ಬಂದ್ ಇರ್ಲಿ ಅಂತ...”

ಸಾವಂತ್ರವ್ವ ಬೈಯಲಿಲ್ಲ. ಅವಳನ್ನು ಬಲ್ಲವರು ಇದನ್ನು ನಂಬುವುದಿಲ್ಲ, ಆದರೆ ಇದರಲ್ಲಿ ಒಂದು ಎಳೆಯೂ ಸುಳ್ಳಿಲ್ಲ. ಮೂರು ದಿನದಿಂದ ತನ್ನ ಕೈಯನ್ನೇ ಶಪಿಸಿಕೊಂಡಿದ್ದಳು. ಎಮ್ಮೆ ಹಿಂಡುವ ಕೈ, ಕೆಡಿಸುವ ಕೈ ಎಂದು ತಾನೇ ಅಂದುಕೊಂಡಿದ್ದಳು. ದನಿ ಬಹಳ ಸಣ್ಣದಾಗಿ ಬಂತು, ಅದಕ್ಕೇ ಎಲ್ಲರಿಗೂ ಕೇಳಿಸಿತು.

“ನಿಮ್ಮಣ್ಣ ಸತ್ತಾಗ ನನ್ನ ಬಳಿ ಒಡಸಿದಾಂವ ನೀನ. ‘ಹತ್ತನೇ ದಿನ ಆತು, ಇನ್ನೂ ಯಾಕ ಅದಾವ?’ ಅಂತ ಕಲ್ಲ ತಂದ ಇಟ್ಟಿ. ಪದ್ಧತಿ ಅಂತ ಸುಮ್ಮನಾದೆ. ಈಗ ಗಾಡಿ ಬಳೀನೂ ಒಡದಿ. ಇದು ಯಾವ ಪದ್ಧತಿ, ಹಣಮಪ್ಪಾ?”

ಅವನು ಮೊಪೆಡ್ಡಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಗುಜರಿಯಾಂವಗ ಫೋನ್ ಹಚ್ಚು. ಈಗ. ಎಲ್ಲಾರ ಮುಂದ.”

ಹಚ್ಚಿದ. ಬರಬೇಡ ಎಂದ. ಯಾಕೆ ಎಂದು ಅತ್ತಲಿಂದ ಕೇಳಿದ್ದಕ್ಕೆ, “ಗಾಡಿ ನಮ್ಮ ವೈನೀದು,” ಎಂದ. ಕಾಗದಪತ್ರ ಇವತ್ತೇ ಟ್ರಂಕಿನಿಂದ ತೆಗೆದುಕೊಡುತ್ತೇನೆ ಎಂದು ಅವಳಿಗೂ ಹೇಳಿದ. ಸಾವಂತ್ರವ್ವ ಪೆಡಲ್ ಒಮ್ಮೆ ತುಳಿದಳು. ಗಾಡಿ ಹುಲಿಯ ಹಾಗೆ ಗರ್ಜಿಸಿತು; ಅಥವಾ ಬೆಕ್ಕಿನ ಹಾಗೆ, ಆದರೆ ಹೊಟ್ಟೆ ತುಂಬಿದ ಬೆಕ್ಕು.

ಹಣಮಪ್ಪ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ. “ಎಲ್ಲಿ ಹೊಂಟಿ?” ಎಂದಳು. “ಕುಂದರು ಹಿಂದ. ಖಾಲಿ ಕ್ಯಾರಿಯರ್ ಐತಿ.”

ಆಮೇಲೆ ದಿಲಶಾದಳ ಕಟ್ಟೆಗೆ ಹೋಗಿ, ಒಂದು ಡಜನ್ ಹಸಿರು ಗಾಜಿನ ಬಳೆ ಕೊಂಡಳು. ದಿಲಶಾದ ಕಾಗದದಲ್ಲಿ ಸುತ್ತಲು ಹೋದರೆ ಬೇಡವೆಂದಳು. ದಾರದಲ್ಲಿ ಪೋಣಿಸಿದ್ದ ಹನ್ನೆರಡನ್ನೂ ಹಾಗೆಯೇ ತಂದು, ಹಿಂದೆ ಕುಳಿತ ಹಣಮಪ್ಪನ ಎರಡು ಅಂಗೈಗಳ ಮೇಲೆ ಇಟ್ಟಳು.

“ಪಾನಾ ಹಿಡದ ಕೈ ಬಳೀನೂ ಹಿಡೀಲಿ. ಒಡೀದಂಗ ಹಿಡಕೊಂಡ ಬರಬೇಕು. ಹನ್ನೆರಡೂ ಊರ ಮುಟ್ಟಿದ್ರ ಪಾನಾದ ಮಾತ ಇಲ್ಲೇ ಶಹಾಪುರದಾಗ ಉಳೀತೈತಿ. ಒಂದ ಒಡದ್ರ ಒಂದ ಮನಿಗೆ ಹೇಳ್ತೀನಿ. ಎರಡ ಒಡದ್ರ ಎರಡ ಮನಿ. ಮೊದಲನೇ ಮನಿ ಪ್ರಮಿಳಾಂದು.”

“ವೈನಿ, ಅದು ಗುಂಡಿ ರಸ್ತಾ...”

“ಗೊತ್ತೈತಿ. ದಿನಾ ಹೊಡ್ಯಾಕಿ ನಾನಲ್ಲೇನು?”

ಖಾನಾಪುರದವರೆಗೆ ರಸ್ತೆ ಅಂಗೈಯಂತಿದೆ. ಅಲ್ಲಿ ಯಾರ ಬಳೆಯೂ ಒಡೆಯುವುದಿಲ್ಲ. ನಂದಗಡ ದಾಟಿದ ಮೇಲೆ ಹಲಸಿಯ ತನಕ ಇರುವ ಗುಂಡಿಗಳಲ್ಲಿ ಎಮ್ಮೆ ಮಲಗಿದರೆ ಕೊಂಬು ಮಾತ್ರ ಕಾಣುತ್ತದೆ. ಯಾವ ಗುಂಡಿ ಎಲ್ಲಿದೆ, ಯಾವುದನ್ನು ಹೇಗೆ ತಪ್ಪಿಸಬೇಕು ಎಂಬುದು ಸಾವಂತ್ರವ್ವನಿಗೆ ಕಣ್ಣು ಕಟ್ಟಿದರೂ ಗೊತ್ತು. ತಪ್ಪಿಸದೆ ಇರುವುದೂ ಗೊತ್ತು. ಸಂಜೆ ಹೊತ್ತು ಮುಳುಗುವ ಮುಂಚೆ ಮೊಪೆಡ್ಡು ಹಲಸಿಯ ನಳದ ಕಟ್ಟೆಯ ಮುಂದೆ ಬಂದು ನಿಂತಿತು. ಮಧ್ಯಾಹ್ನದಿಂದ ನೀರು ಸೋರಿ ಹೋಗಿದ್ದಕ್ಕೆ ಹಣಮಪ್ಪನ ದಾರಿ ಕಾಯುತ್ತ ಇಡೀ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಮುಂದಿನ ಸಾಲಿನಲ್ಲಿ ಪ್ರಮಿಳಾ.

ಹಣಮಪ್ಪ ಕೈ ಚಾಚಿಕೊಂಡೇ ಗಾಡಿಯಿಂದ ಇಳಿದ.

ಅಂಗೈಯಲ್ಲಿ ಎಷ್ಟು ಬಳೆ ಉಳಿದಿದ್ದವು? ಉಳಿದವು ಆ ಸಂಜೆ ಯಾರ ಕೈಗೆ ಏರಿದವು? ಮರುದಿನ ಬೆಳಿಗ್ಗೆ ಗುಡಿಯ ಹಿಂದಿನ ಬಯಲಲ್ಲಿ ಮೊಪೆಡ್ಡಿನ ಮೇಲೆ ಯಾರು ಕುಳಿತಿದ್ದರು, ಹಿಂದೆ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಿದ್ದವರು ಯಾರು? ಮಿಠಾಯಿ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಸಾವಂತ್ರವ್ವ ಕತೆಯನ್ನು ಇಲ್ಲಿಗೆ ತಂದು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ, ನಿಮ್ಮ ಮುಖ ನೋಡುತ್ತಾಳೆ.

“ಎಲ್ಲಾ ನಾನ ಹೇಳ್ಲೇನು? ನೀವ ಹೇಳ್ರಿ ನೋಡೂಣು.”